ಈ ವರ್ಷದ ಮಕ್ಕಳ ಪುಸ್ತಕ ಹುಡುಕುವ ಬಗೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಿಮ್ಮ ಶಾಲೆಯ ಲೈಬ್ರರಿಗೆ, ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗಾಗಿ ಈ ವರ್ಷ ಬಂದ ಒಳ್ಳೆಯ ಪುಸ್ತಕಗಳ ಪಟ್ಟಿ ಕೇಳಿದ್ದೀಯ. ಇಂಗ್ಲಿಷಿಗಾದರೆ ಅಂಥ ಪಟ್ಟಿ ಸಿದ್ಧವಾಗಿಯೇ ಸಿಗುತ್ತದೆ. ಕನ್ನಡಕ್ಕೆ ನಾವೇ ಕಟ್ಟಿಕೊಳ್ಳಬೇಕು. ಅದಕ್ಕೇ ಕಟ್ಟುವ ಬಗೆಯನ್ನೇ ಬರೆಯುತ್ತಿದ್ದೇನೆ.

ಇಂಗ್ಲಿಷಿನದನ್ನು ಬೇಗ ಮುಗಿಸೋಣ. ಮಕ್ಕಳ ಪುಸ್ತಕಗಳಿಗೆ ಕೊಡುವ ಅಮೆರಿಕದ ನ್ಯೂಬೆರಿ ಪದಕ 1922ರಿಂದ ಇದೆ, ಈಗ ಜನವರಿ ಕೊನೆಯ ಹೊತ್ತಿಗೆ ಪ್ರಕಟವಾಗುತ್ತದೆ. ಹದಿನಾಲ್ಕು ವರ್ಷದವರೆಗಿನ ಓದುಗರ ಪುಸ್ತಕಗಳೂ ಅದರ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ರಕ್ಷಾಪುಟದಲ್ಲಿ ಚಿನ್ನದ ಮುದ್ರೆ ಇದೆ ಎಂದ ಮಾತ್ರಕ್ಕೆ ನಾಲ್ಕನೇ ತರಗತಿಯ ಮಗುವಿನ ಕೈಗೆ ಕೊಡಬೇಡ. ಪದಕದ ಜೊತೆಗೆ ಗೌರವ ಪಡೆಯುವ ಬೆಳ್ಳಿ ಮುದ್ರೆಯ ಪುಸ್ತಕಗಳನ್ನೂ ನೋಡು, ಎಷ್ಟೋ ಸಲ ಅವೇ ಮಕ್ಕಳಿಗೆ ಹೆಚ್ಚು ಹಿಡಿಸುತ್ತವೆ. ಗಟ್ಟಿ ರಟ್ಟಿನ ಅಮೆರಿಕನ್ ಪ್ರತಿ ದುಬಾರಿ, ಪೇಪರ್‌ಬ್ಯಾಕ್ ಬರಲು ಸಾಮಾನ್ಯವಾಗಿ ವರ್ಷ ಹಿಡಿಯುತ್ತದೆ. ಆದ್ದರಿಂದ ಅಲ್ಲಿನ ಕಳೆದ ವರ್ಷದ ಪಟ್ಟಿಯೇ ನಿನಗೆ ಈ ವರ್ಷದ ಖರೀದಿ ಪಟ್ಟಿ. ಆ ಪದಕ ಅಮೆರಿಕದ ಪ್ರಜೆಗಳಿಗೆ ಇಲ್ಲವೇ ಅಲ್ಲಿ ನೆಲೆಸಿದವರಿಗೆ ಮಾತ್ರ. ನಮ್ಮ ದೇಶದ ಇಂಗ್ಲಿಷ್ ಪುಸ್ತಕಗಳಿಗೆ ಬೆಂಗಳೂರಿನದೇ ಆದ ನೀವ್ ಪುಸ್ತಕ ಪ್ರಶಸ್ತಿಯ ಕಿರುಪಟ್ಟಿ ನೋಡು. ಟಾಟಾ ಟ್ರಸ್ಟ್ಸ್‌ನ ಪರಾಗ್ ಗೌರವ ಪಟ್ಟಿಯನ್ನೂ ಜೊತೆಗಿಟ್ಟುಕೊ. ಇವೆರಡೇ ಸಾಕು.

ಇನ್ನು ಕನ್ನಡ. ಪ್ರಶಸ್ತಿಗಳನ್ನು ನೆಚ್ಚಿಕೊಂಡರೆ ಹೊಸ ಪುಸ್ತಕ ಸಿಗುವುದಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2010ರಲ್ಲಿ ಶುರುವಾಯಿತು. ಅದು ಹಿಂದಿನ ಐದು ವರ್ಷಗಳ ಪುಸ್ತಕಗಳಿಂದ ಆರಿಸುವಂಥದ್ದು. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನದಲ್ಲೂ ಮಕ್ಕಳ ಸಾಹಿತ್ಯ ಎಂಬ ವಿಭಾಗವಿದೆ, ಆದರೆ ಅದೂ ಹಿಂದಿನ ವರ್ಷದ ಪುಸ್ತಕಗಳದ್ದು. ಒಬ್ಬ ಲೇಖಕರನ್ನು ಗುರುತಿಸಿಕೊಳ್ಳಲು ಇವು ಉಪಯೋಗ. ಆ ಲೇಖಕರ ಈಚಿನ ಪುಸ್ತಕ ಯಾವುದು ಎಂದು ಅಲ್ಲಿಂದ ಹುಡುಕುತ್ತಾ ಹೋಗಬೇಕು.

ಹೊಸದರ ಸುದ್ದಿ ಮೊದಲು ಸಿಗುವುದು ಪತ್ರಿಕೆಗಳ ಭಾನುವಾರದ ಪುರವಣಿಯಲ್ಲಿ. ವಿಮರ್ಶೆಗಿಂತ ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರುವ 'ಸಾದರ ಸ್ವೀಕಾರ'ದಂಥ ಅಂಕಣವನ್ನೇ ಮೊದಲು ನೋಡು. ಶೀರ್ಷಿಕೆ, ಲೇಖಕರು, ಪ್ರಕಾಶಕರು, ಪುಟ, ಬೆಲೆ ಅಲ್ಲಿರುತ್ತವೆ. ಧಾರವಾಡ, ಗದಗ, ಶಿರಸಿ ಕಡೆಯ ಸಣ್ಣ ಪ್ರಕಾಶನಗಳ ಮಕ್ಕಳ ಪುಸ್ತಕಗಳು ಬೆಂಗಳೂರಿನ ಅಂಗಡಿಗಳಿಗೆ ಬರುವುದೇ ಕಡಿಮೆ, ಪ್ರಕಾಶಕರಿಗೇ ಫೋನ್ ಮಾಡಿ ತರಿಸಬೇಕಾಗುತ್ತದೆ. ಕನ್ನಡ ಪುಸ್ತಕಗಳ ಬುಕ್ ಬ್ರಹ್ಮ ಜಾಲತಾಣವನ್ನೂ ಆಗಾಗ ನೋಡುತ್ತಿರು. ಗಾಂಧಿ ಬಜಾರಿನ ಅಂಕಿತ, ನವಕರ್ನಾಟಕದ ಮಳಿಗೆ, ಗಾಂಧಿನಗರದ ಸಪ್ನಾ, ಎಲ್ಲಿಗೆ ಹೋದರೂ ಬರೀ 'ಮಕ್ಕಳ ಪುಸ್ತಕ' ಎಂದು ಕೇಳಬೇಡ. ಹಾಗೆ ಕೇಳಿದರೆ ಪಂಚತಂತ್ರ, ತೆನಾಲಿ ರಾಮನ ಕಡೆ ಕೈ ತೋರಿಸುತ್ತಾರೆ. 'ಈ ವರ್ಷ ಬಂದ ಮಕ್ಕಳ ಕಾದಂಬರಿ, ಕಥಾಸಂಕಲನ, ನಾಟಕ' ಎಂದು ಬಿಡಿಸಿ ಕೇಳು.

ಪುಸ್ತಕ ಕೈಗೆ ಬಂದ ಕೂಡಲೇ ಮುಖಪುಟ ಬಿಟ್ಟು ಮುದ್ರಣದ ವಿವರವಿರುವ ಪುಟ ತೆಗೆ. 'ಮೊದಲ ಮುದ್ರಣ' ಎಂಬುದರ ಮುಂದಿನ ಇಸವಿಯೇ ಪುಸ್ತಕದ ನಿಜವಾದ ವಯಸ್ಸು. ಹಳೆಯ ಪುಸ್ತಕಕ್ಕೆ ಹೊಸ ಹೊದಿಕೆ ಹಾಕಿ ಹೊರತರುವುದು ಸಾಮಾನ್ಯ. ಅದರಲ್ಲಿ ತಪ್ಪೇನಿಲ್ಲ, ಆದರೆ ನೀನು ಹುಡುಕುತ್ತಿರುವುದು ಅದನ್ನಲ್ಲ. ಅದೇ ಪುಟದಲ್ಲಿ '70 ಜಿಎಸ್‌ಎಂ ಮ್ಯಾಪ್‌ಲಿಥೋ, 1/8 ಡೆಮಿ' ಎಂಬಂಥ ಸಾಲು ಇರುತ್ತದೆ. ಜಿಎಸ್‌ಎಂ ಅಂದರೆ ಕಾಗದದ ತೂಕ, ಮ್ಯಾಪ್‌ಲಿಥೋ ಕಾಗದದ ಬಗೆ, ಡೆಮಿ ಪುಸ್ತಕದ ಅಳತೆ. ಕಾಗದ 60 ಜಿಎಸ್‌ಎಂ ಆದರೆ ಹಿಂದಿನ ಪುಟದ ಅಕ್ಷರ ಈಚೆ ಮೂಡಿ ಕಣ್ಣಿಗೆ ಅಡ್ಡ ಬರುವ ಸಂಭವ ಹೆಚ್ಚು. ಪುಟ ಉಳಿಸಲು ಸಾಲುಗಳನ್ನು ಒತ್ತಿಟ್ಟಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಆಗ ಒತ್ತಕ್ಷರದಲ್ಲಿ ಮೊದಲೇ ತಡವರಿಸುವ ಮಗು ಸಾಲು ತಪ್ಪಿಸಿಕೊಂಡು ಪುಸ್ತಕ ಮುಚ್ಚಿಬಿಡುತ್ತದೆ. ಕಥೆ ಎಷ್ಟು ಚೆನ್ನಾಗಿದ್ದರೇನು? ಬರೀ ಗೋಂದು ಹಾಕಿದ್ದೋ ಹೊಲಿಗೆ ಬೈಂಡಿಂಗೋ ಎಂಬುದನ್ನು ನಡುಪುಟ ಬಿಡಿಸಿ ನೋಡು. ಲೈಬ್ರರಿಯಲ್ಲಿ ಗೋಂದಿನದು ಬೇಗ ಹಾಳೆ ಬಿಡುತ್ತದೆ.

ಆಮೇಲೆ ಓದು. ಮೊದಲ ಪುಟವನ್ನು ಎಲ್ಲರೂ ತಿದ್ದಿ ತೀಡಿರುತ್ತಾರೆ, ಅದನ್ನು ನೋಡಿ ನಿರ್ಧರಿಸಬೇಡ. ನಡುವಿನ ಒಂದು ಅಧ್ಯಾಯದ ಸಂಭಾಷಣೆ ಓದು: ಮಕ್ಕಳು ಮಕ್ಕಳಂತೆ ಮಾತಾಡುತ್ತಿದ್ದಾರೋ, ಭಾಷಣ ಬಿಗಿಯುತ್ತಿದ್ದಾರೋ? ನಂತರ ಕೊನೆಯ ಅಧ್ಯಾಯ ನೋಡು. ಗಂಟು ಬಿಡಿಸುವುದು ಮಗುವೇ ಆದರೆ ಪುಸ್ತಕ ಇಟ್ಟುಕೊ. ಮೇಷ್ಟರೋ ತಾತನೋ ಬಂದು ಬಿಡಿಸಿ, ಬುದ್ಧಿ ಹೇಳಿ ಮುಗಿಸಿದರೆ ಅದು ನೀತಿಪಾಠ. ನಮ್ಮಲ್ಲಿ ಇನ್ನೊಂದು ತೊಡಕಿದೆ. ದೊಡ್ಡವರು ತಮ್ಮ ಊರು, ತೋಟ, ಬಾಲ್ಯ ನೆನೆದು ಬರೆದದ್ದು ಮಕ್ಕಳ ಸಾಹಿತ್ಯದ ಹೆಸರಿನಲ್ಲಿ ಬರುತ್ತದೆ. ಅದು ಎಷ್ಟೇ ಸೊಗಸಾಗಿದ್ದರೂ ಓದುಗರು ನಿನ್ನ ವಯಸ್ಸಿನವರು. 'ಆ ಕಾಲದಲ್ಲಿ' ಎಂಬ ಧಾಟಿ ಪುಟಪುಟಕ್ಕೂ ಬಂದರೆ ಶಿಕ್ಷಕರ ಕಪಾಟಿಗೆ ಸೇರಿಸು.

ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದ ಮಗು ಕಥೆ ಕೇಳುವಾಗ ಆರನೇ ತರಗತಿಯದ್ದಾದರೆ, ಕನ್ನಡ ಓದುವಾಗ ಮೂರನೆಯದೋ ನಾಲ್ಕನೆಯದೋ ಆಗಿರಬಹುದು. ಹಾಗೆಂದು ಕಾಗಕ್ಕ ಗುಬ್ಬಕ್ಕನ ಕಥೆ ಕೊಟ್ಟರೆ ಅವಮಾನವಾಗುತ್ತದೆ. ವಿಷಯ ವಯಸ್ಸಿಗೆ ತಕ್ಕದ್ದು, ವಾಕ್ಯ ಚಿಕ್ಕದು, ಅಧ್ಯಾಯ ನಾಲ್ಕೈದು ಪುಟದ್ದು, ಅಂಥದ್ದನ್ನು ಹುಡುಕು. ಒಂದು ಪುಟ ಜೋರಾಗಿ ಓದಿಸಿ, ಗೊತ್ತಿಲ್ಲದ ಪದಕ್ಕೊಂದು ಬೆರಳು ಮಡಚಲು ಹೇಳು. ಐದೂ ಮಡಚಿದರೆ ಸದ್ಯಕ್ಕೆ ಕಷ್ಟ. ಧಾರವಾಡ, ಮಂಗಳೂರು ಕಡೆಯ ಆಡುಮಾತನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡ. ಮೊದಲ ಎರಡು ಪುಟ ನೀನೇ ಓದಿ ಹೇಳಿದರೆ ಆ ಮಾತು ಕಿವಿಗೆ ಒಗ್ಗುತ್ತದೆ, ಮುಂದೆ ಮಕ್ಕಳು ಅದನ್ನೇ ಇಷ್ಟಪಟ್ಟು ಓದುತ್ತಾರೆ.

ಕೊನೆಗೆ ಮೂರ್ನಾಲ್ಕು ಮಕ್ಕಳಿಗೆ ಹತ್ತತ್ತು ಪುಟ ಕೊಡು. 'ಚೆನ್ನಾಗಿದೆಯಾ?' ಎಂದು ಕೇಳಬೇಡ, ಮೇಷ್ಟರ ಮುಂದೆ ಎಲ್ಲರೂ ಹೂಂ ಅನ್ನುತ್ತಾರೆ. 'ಮುಂದೇನಾಗುತ್ತೆ ಅನ್ಸುತ್ತೆ?' ಎಂದು ಕೇಳು. ಉತ್ತರ ಥಟ್ಟನೆ ಬಂದರೆ ಕಥೆ ಹಿಡಿದಿದೆ. ನಡುವೆ ಬಿಟ್ಟವರು ಎಷ್ಟನೇ ಪುಟಕ್ಕೆ ಬಿಟ್ಟರು ಎಂದು ಬರೆದಿಡು. ಇಬ್ಬರು ಒಂದೇ ಜಾಗದಲ್ಲಿ ಬಿಟ್ಟಿದ್ದರೆ ತಪ್ಪು ಅವರದಲ್ಲ.

ಹತ್ತು ಸಾವಿರ ಇದೆ ಅಂದಿದ್ದೆಯಲ್ಲ, ಹೀಗೆ ಹಂಚು: ಕನ್ನಡದ್ದು 150ರ ಸರಾಸರಿಯಲ್ಲಿ 25, ನಮ್ಮ ದೇಶದ ಇಂಗ್ಲಿಷಿನದು 300ರಂತೆ 12, ಹೊರಗಿನದು 450ರಂತೆ 5. ಒಟ್ಟು 9,600 ಆಗುತ್ತದೆ. ಉಳಿದ 400 ರೂಪಾಯಿ ಪ್ಲಾಸ್ಟಿಕ್ ಹೊದಿಕೆಗೆ. ಕನ್ನಡದ ಪಟ್ಟಿಯನ್ನು ಅಕ್ಟೋಬರ್ ಕೊನೆಗೇ ಮುಗಿಸಿಕೊ, ರಾಜ್ಯೋತ್ಸವದ ತಿಂಗಳಲ್ಲಿ ಅನೇಕ ಮಳಿಗೆಗಳು ರಿಯಾಯಿತಿ ಕೊಡುತ್ತವೆ. ಆ ಉಳಿತಾಯದಲ್ಲಿ ಮಕ್ಕಳು ಹೆಚ್ಚು ಮೆಚ್ಚಿದ ಪುಸ್ತಕದ ಎರಡನೇ ಪ್ರತಿ ತಗೋ. ಪಟ್ಟಿ ಆದಮೇಲೆ ನನಗೂ ಕಳಿಸು, ಬಿಟ್ಟುಹೋದದ್ದಿದ್ದರೆ ಸೇರಿಸಿ ಕೊಡುತ್ತೇನೆ.

ಇಂತಿ ನಿನ್ನ ಗೆಳೆಯ