ಮುತ್ತಜ್ಜನಿಗೆ ಜೋಗುಳ

ಸಂಪಾದಕರಿಗೆ,

ಮಾನ್ಯರೆ,

ಕಳೆದ ವಾರ ನಿಮ್ಮ ಕ್ರೀಡಾಪುಟದಲ್ಲಿ ಸ್ಕಾಟ್ಲೆಂಡ್ ತಂಡವನ್ನು ಮತ್ತೆ ‘ಕ್ರಿಕೆಟ್ ಶಿಶು’ ಎಂದು ಕರೆದಿದ್ದೀರಿ. ಅಲ್ಲಿನ ಎಡಿನ್‌ಬರೋದ ಗ್ರೇಂಜ್ ಕ್ರಿಕೆಟ್ ಕ್ಲಬ್ ಹುಟ್ಟಿದ್ದು 1832ರಲ್ಲಿ. ಭಾರತ ತನ್ನ ಮೊದಲ ಟೆಸ್ಟ್ ಆಡಿದ್ದು ಅದಾಗಿ ಸರಿಯಾಗಿ ನೂರು ವರ್ಷಕ್ಕೆ. ಮುತ್ತಜ್ಜನನ್ನು ತೊಟ್ಟಿಲಿಗೆ ಹಾಕಿ ತೂಗಿದಂತಾಯಿತು.

ನಾನು ನಿವೃತ್ತ ಗಣಿತ ಶಿಕ್ಷಕ. ಊರಿನ ಟೂರ್ನಿಗಳಿಗೆ ಸ್ಕೋರ್ ಬರೆದು ಬರೆದು ಅದೇ ಚಟವಾಗಿ, ಈಗ ಮನೆಯಲ್ಲಿ ಕುಳಿತೂ ದೂರದ ಪಂದ್ಯಗಳಿಗೆ ಸ್ಕೋರ್ ಬರೆಯುತ್ತೇನೆ. 2018ರ ಜೂನ್ 10, ಭಾನುವಾರ, ಅದೇ ಗ್ರೇಂಜ್ ಮೈದಾನದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಆಡಿದ ಏಕದಿನ ಪಂದ್ಯದ ಪುಟ ಇದೀಗ ನನ್ನ ಮುಂದಿದೆ. ಮೊಬೈಲ್‌ನಲ್ಲಿ ಒಂದೊಂದೇ ಎಸೆತ ನೋಡಿಕೊಂಡು ತುಂಬಿಸಿದ್ದು. ಸ್ಕಾಟ್ಲೆಂಡ್ ಮೊದಲ ವಿಕೆಟ್‌ಗೆ ನೂರು ದಾಟಿದ ಮೇಲೆ ಕ್ಯಾಲಮ್ ಮೆಕ್ಲೌಡ್ ಬಂದರು. 94 ಎಸೆತ, ಔಟಾಗದೆ 140. ಹದಿನಾರು ಬೌಂಡರಿ, ಮೂರು ಸಿಕ್ಸರ್, ಅಂದರೆ 82 ರನ್. ಉಳಿದ 58 ರನ್ ಓಡಿ ತೆಗೆದದ್ದು. ಅವರ ಸಾಲಿನಲ್ಲಿ ಚೌಕಗಳು ಸಾಲದೆ ಅಂಚಿನಲ್ಲಿ ಗೆರೆ ಎಳೆದುಕೊಂಡು ಬರೆದಿದ್ದೇನೆ.

ಸ್ಕಾಟ್ಲೆಂಡ್ 5ಕ್ಕೆ 371. ಇಂಗ್ಲೆಂಡ್‌ನ ಬೇರ್‌ಸ್ಟೊ 59 ಎಸೆತಗಳಲ್ಲಿ 105 ಚಚ್ಚಿದಾಗ, ಸರಿ, ಇನ್ನು ಮಲಗೋಣ ಎಂದುಕೊಂಡೆ. ಮಲಗಲಿಲ್ಲ. ಸ್ಕಾಟ್ಲೆಂಡ್‌ನ ಸಫ್ಯಾನ್ ಷರೀಫ್ ಅವರ ಯಾರ್ಕರ್ ಮಾರ್ಕ್ ವುಡ್ ಅವರ ಕಾಲಿಗೆ ಬಡಿಯಿತು, ಎಲ್‌ಬಿಡಬ್ಲ್ಯು. ಇಂಗ್ಲೆಂಡ್ 365ಕ್ಕೆ ಆಲೌಟ್, ಇನ್ನೂ ಏಳು ಎಸೆತ ಬಾಕಿ ಇದ್ದವು. ಸೋತದ್ದು ಯಾರೋ ಸೋತು ಸುಣ್ಣವಾದ ತಂಡವಲ್ಲ. ಆಗ ಏಕದಿನ ಕ್ರಿಕೆಟ್‌ನಲ್ಲಿ ಜಗತ್ತಿಗೇ ಮೊದಲನೆಯದು. ಒಂಬತ್ತು ದಿನಗಳ ಬಳಿಕ ಇದೇ ಇಂಗ್ಲೆಂಡ್ ನಾಟಿಂಗ್‌ಹ್ಯಾಮ್‌ನಲ್ಲಿ ಆಸ್ಟ್ರೇಲಿಯಾದ ಎದುರು 481 ರನ್ ಗುಡ್ಡೆ ಹಾಕಿತು, ಮರುವರ್ಷ ವಿಶ್ವಕಪ್ಪನ್ನೂ ಗೆದ್ದಿತು.

ಆ ಗ್ರೇಂಜ್ ಪಂದ್ಯದ ಮರುದಿನ ನಾನು ಕತ್ತರಿಸಿ ಅಂಟಿಸಿಕೊಂಡ ನಿಮ್ಮ ವರದಿ ಎಂಟು ಸಾಲು. ಶೀರ್ಷಿಕೆ ‘ಇಂಗ್ಲೆಂಡ್‌ಗೆ ಆಘಾತ’. ಗೆದ್ದವರ ಹೆಸರು ಮೂರನೆಯ ಸಾಲಿನಲ್ಲಿ ಬರುತ್ತದೆ. ಶತಕ ಹೊಡೆದವರ ಹೆಸರು ಒಂದು ಕಡೆ ‘ಮೆಕ್ಲಿಯೋಡ್’, ಇನ್ನೊಂದು ಕಡೆ ‘ಮ್ಯಾಕ್ಲಿಯಡ್’. ಎಂಟು ಸಾಲಿನಲ್ಲಿ ಒಬ್ಬರೇ ಮನುಷ್ಯರು ಇಬ್ಬರಾಗಿದ್ದಾರೆ!

ಈ ಮನುಷ್ಯ ತಂಡಕ್ಕೆ ಬಂದದ್ದೇ ಬೌಲರ್ ಆಗಿ, ಗೊತ್ತೇ? ಗ್ಲಾಸ್ಗೋದ ಹುಡುಗ, ಇಂಗ್ಲೆಂಡಿನ ವಾರ್ವಿಕ್‌ಷೈರ್ ಕೌಂಟಿಯ ಕಣ್ಣಿಗೆ ಬಿದ್ದದ್ದು ವೇಗದ ಬೌಲಿಂಗ್‌ನಿಂದ. ಇಪ್ಪತ್ತರ ಆಸುಪಾಸಿನಲ್ಲಿ ಅವರ ಬೌಲಿಂಗ್ ಶೈಲಿ ನಿಯಮಬಾಹಿರ ಎಂದು ತೀರ್ಮಾನವಾಯಿತು. ಚೆಂಡು ಬಿಡುವಾಗ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗಬಾರದು ಎಂಬುದು ಐಸಿಸಿ ಲೆಕ್ಕ. ಕೋನಮಾಪಕ ಇಟ್ಟು 15 ಡಿಗ್ರಿ ಎಷ್ಟು ಕಿರಿದು ಎಂದು ಮೂವತ್ತು ವರ್ಷ ಮಕ್ಕಳಿಗೆ ತೋರಿಸಿದವನು ನಾನು. ಆ ಕಿರಿದರಲ್ಲಿ ಒಬ್ಬನ ಕಸುಬು ಹೋಯಿತು. ಅವರು ಊರಿಗೆ ಹೋಗಿ ಬೇರೆ ಕೆಲಸ ನೋಡಿಕೊಳ್ಳಬಹುದಿತ್ತು. ಬ್ಯಾಟ್ ಹಿಡಿದರು. 2014ರ ಜನವರಿಯಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ಕೆನಡಾ ವಿರುದ್ಧ 175 ಹೊಡೆದರು. ಅವರ ದೇಶದ ಮಟ್ಟಿಗೆ ಅದು ವರ್ಷಗಟ್ಟಲೆ ಮುರಿಯದ ದಾಖಲೆಯಾಗಿತ್ತು.

2015ರ ಏಕದಿನ ವಿಶ್ವಕಪ್ ಅವರಿಗೆ ಒಲಿಯಲಿಲ್ಲ. ಮೊದಲ ಪಂದ್ಯದಲ್ಲೇ ನ್ಯೂಜಿಲೆಂಡ್‌ನ ಬೌಲ್ಟ್ ಎದುರು ಸೊನ್ನೆ, ಇಡೀ ಟೂರ್ನಿಯಲ್ಲಿ ಒಂದು ಅರ್ಧಶತಕವೂ ಇಲ್ಲ. ದೊಡ್ಡ ದೇಶದ ಆಟಗಾರನಾದರೆ ‘ಫಾರ್ಮ್ ಇಲ್ಲ’ ಎನ್ನುತ್ತೇವೆ, ಮುಂದಿನ ವಿಶ್ವಕಪ್‌ಗೆ ಕಾಯುತ್ತೇವೆ. ಇವರಿಗೆ ಆ ಮುಂದಿನದು ಬರಲೇ ಇಲ್ಲ. 14 ತಂಡಗಳ ವಿಶ್ವಕಪ್ಪನ್ನು ಐಸಿಸಿ 2019ಕ್ಕೆ 10 ತಂಡಗಳಿಗೆ ಇಳಿಸಿತು. ಕೊನೆಯ ಎರಡು ಸ್ಥಾನಕ್ಕೆ 2018ರ ಮಾರ್ಚ್‌ನಲ್ಲಿ ಜಿಂಬಾಬ್ವೆಯಲ್ಲಿ ಹತ್ತು ತಂಡಗಳು ಬಡಿದಾಡಿದವು. ಅಲ್ಲಿ ಬುಲವಾಯೊದಲ್ಲಿ ಅಫ್ಗಾನಿಸ್ತಾನದ ವಿರುದ್ಧ ಮೆಕ್ಲೌಡ್ ಔಟಾಗದೆ 157 ರನ್ ಗಳಿಸಿ ಪಂದ್ಯ ಗೆಲ್ಲಿಸಿದರು. ಎದುರಾಳಿ ನಾಯಕ ಹತ್ತೊಂಬತ್ತರ ರಶೀದ್ ಖಾನ್. ಜಗತ್ತಿನ ಬ್ಯಾಟರ್‌ಗಳೆಲ್ಲ ತಡವರಿಸುತ್ತಿದ್ದ ಆ ಗೂಗ್ಲಿಯನ್ನು ಇವರು ಮಂಡಿಯೂರಿ ಸ್ವೀಪ್ ಮಾಡುತ್ತಲೇ ಹೋದರು. ಆ ಟೂರ್ನಿಯನ್ನು ಕೊನೆಗೆ ಗೆದ್ದದ್ದು ಅದೇ ಅಫ್ಗಾನಿಸ್ತಾನ!

ಸ್ಕಾಟ್ಲೆಂಡ್‌ನ ಕಥೆ ಹರಾರೆಯಲ್ಲಿ ಮುಗಿಯಿತು. ವೆಸ್ಟ್ ಇಂಡೀಸ್ ಎದುರು 199 ರನ್ ಗುರಿ. ನೆಲೆಯೂರಿ ಆಡುತ್ತಿದ್ದ ರಿಚಿ ಬೆರಿಂಗ್ಟನ್ ಅವರಿಗೆ ಎಲ್‌ಬಿಡಬ್ಲ್ಯು ಕೊಟ್ಟರು. ಚೆಂಡು ಲೆಗ್ ಸ್ಟಂಪ್‌ನ ಆಚೆ ಹೋಗುತ್ತಿದ್ದುದು ಮರುಪ್ರಸಾರದಲ್ಲಿ ಕಂಡಿತು. ಮರುಪರಿಶೀಲನೆಯ ಅವಕಾಶ ಆ ಟೂರ್ನಿಯಲ್ಲಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮಳೆ. ಮಳೆಗೆ ನಿಂತ ಪಂದ್ಯದ ಗುರಿ ಎಣಿಸುವ ಡಕ್ವರ್ತ್ ಲೂಯಿಸ್ ಲೆಕ್ಕದಲ್ಲಿ ಐದು ರನ್ ಸೋಲು. ಲೆಕ್ಕದ ಮೇಷ್ಟ್ರಾಗಿ ಆ ಕೋಷ್ಟಕವನ್ನು ಗೌರವಿಸುತ್ತೇನೆ. ಅಂದು ಮಾತ್ರ ಹರಿದು ಹಾಕಬೇಕೆನಿಸಿತು. ಮುಂದಿನ ವಿಶ್ವಕಪ್‌ಗೆ ಜಾಗವಿಲ್ಲವೆಂದು ಹೊರಗೆ ನಿಂತವರು ಆಡಿದ್ದು ಜೂನ್‌ನ ಆ 371. ಜಾಗವಿದ್ದವರೇ ಸೋತರು.

2022ರ ಟಿ20 ವಿಶ್ವಕಪ್ ಮುಗಿದ ಮೇಲೆ ಮೆಕ್ಲೌಡ್ ನಿವೃತ್ತಿ ಘೋಷಿಸಿದರು. ಏಕದಿನ ಪಂದ್ಯಗಳಲ್ಲಿ ಹತ್ತು ಶತಕ. ವರ್ಷಕ್ಕೆ ಬೆರಳೆಣಿಕೆಯ ಪಂದ್ಯ ಸಿಗುವ ದೇಶದವರು ಎಂಬುದನ್ನು ನೆನಪಿಟ್ಟು ಆ ಹತ್ತನ್ನು ಓದಿಕೊಳ್ಳಬೇಕು. ನಿಮ್ಮಲ್ಲಿ ಆ ಸುದ್ದಿ ಬಂದಿತ್ತೇ ಎಂದು ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ ಹುಡುಕಿದೆ. ನನಗೆ ಸಿಗಲಿಲ್ಲ.

ನಮಗೂ ಅವರಿಗೂ ಸಂಬಂಧವಿಲ್ಲ ಎನ್ನುವಂತಿಲ್ಲ. 2003ರಲ್ಲಿ ನಮ್ಮ ದ್ರಾವಿಡ್ ಮದುವೆಯಾದ ಹೊಸದರಲ್ಲೇ ಸ್ಕಾಟ್ಲೆಂಡ್‌ಗೆ ಹೋಗಿ ಆ ತಂಡದ ಪರವಾಗಿ ಇಂಗ್ಲೆಂಡಿನ ನ್ಯಾಷನಲ್ ಲೀಗ್‌ನಲ್ಲಿ ಆಡಿ 600 ರನ್ ಹೊಡೆದರು. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಆಟಗಾರರ ಜೆರ್ಸಿಯ ಮೇಲೆ ‘ನಂದಿನಿ’ ಎಂದು ಕನ್ನಡ ಅಕ್ಷರದಲ್ಲೇ ಬಂತು. ನಮ್ಮ ಬೀದಿಯ ಹಾಲಿನ ಬೂತಿನ ಮುಂದೆ ಆ ಫೋಟೊ ಕೈಯಿಂದ ಕೈಗೆ ಓಡಾಡಿತು. ಅಕ್ಷರ ನೋಡಿ ಎಲ್ಲರೂ ಹಿಗ್ಗಿದರು. ‘ಇವರು ಯಾರು?’ ಎಂದು ಆಟಗಾರನ ಮುಖ ತೋರಿಸಿ ಕೇಳಿದೆ. ಒಬ್ಬರಿಗೂ ಗೊತ್ತಿಲ್ಲ. ಅವರನ್ನು ದೂರುವುದಿಲ್ಲ, ಎಂಟು ಸಾಲು ಓದಿದವರಿಗೆ ಗೊತ್ತಾಗುವುದಾದರೂ ಹೇಗೆ?

ಹಾಗಾಗಿ ಎರಡು ಬೇಡಿಕೆ. ‘ಕ್ರಿಕೆಟ್ ಶಿಶು’ ಎಂಬ ಮಾತನ್ನು ಕೈಬಿಡಿ. ಇಂಥ ತಂಡಗಳು ಆಡಿದ ದಿನ ಸಂಕ್ಷಿಪ್ತ ಸ್ಕೋರ್ ಬದಲು ಪೂರ್ತಿ ಸ್ಕೋರ್‌ಪಟ್ಟಿ ಹಾಕಿ, ಬೌಲಿಂಗ್ ವಿವರವೂ ಸೇರಿ. ಜಾಗ ಸಾಲದಿದ್ದರೆ, ಐಪಿಎಲ್ ಆಟಗಾರರ ಹೊಸ ಕೇಶವಿನ್ಯಾಸದ ಸುದ್ದಿಗೆ ನೀವು ಕೊಡುವ ಎರಡು ಕಾಲಂ ಸಾಕು.

ಇತಿ,
ನಿಮ್ಮ ಹಳೆಯ ಓದುಗ,
ಹಾಸನ