ಬಡಗಣ ಗೋಡೆ ಬಿದ್ದ ಮೇಲೆ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿಗೆ ಅಪ್ಪ ಮಾಡುವ ಆಶೀರ್ವಾದಗಳು.

ಫೋನಿನಲ್ಲೇ ಹೇಳಬಹುದಿತ್ತು. ಎರಡು ಸಲ ಹಚ್ಚಿದೆ ಕೂಡ. ನೀನು "ಏನಪ್ಪಾ" ಅಂದ ಕೂಡಲೇ ಊಟ ಆಯ್ತಾ ಅಂತ ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಹಸ್ತದ ಮಳೆಗೆ ನಮ್ಮ ಚರ್ಚಿನ ಬಡಗಣ ಗೋಡೆ ಬಿತ್ತು. ಯಾರಿಗೂ ಏನೂ ಆಗಿಲ್ಲ, ಗಾಬರಿಯಾಗಬೇಡ.

ರಾತ್ರಿ ಎರಡರ ಹೊತ್ತಿಗೆ ಟ್ರ್ಯಾಕ್ಟರಿನಿಂದ ಕಲ್ಲು ಸುರಿದ ಹಾಗೆ ಸದ್ದಾಯಿತು. ಎದುರುಮನೆ ಗೌಡರು ಬ್ಯಾಟರಿ ಹಿಡಿದು ಬಂದು, "ಮೇಷ್ಟ್ರೇ, ನಿಮ್ ದೇವ್ರ ಮನಿ ಗ್ವಾಡಿ ಹೋತು" ಅಂದರು. ಹೋಗಿ ನೋಡಿದರೆ ಆ ಕಡೆಯ ಮಾಡು ಪೂರ್ತಿ ಕುಸಿದು ಕೂತಿತ್ತು. ಪೀಠದ ಮೇಲೆ ಮಳೆ ಸುರಿಯುತ್ತಿತ್ತು. ನಮ್ಮ ಜೊತೆ ಅದೇ ಚರ್ಚು ಬಳಸುವ ಕತೋಲಿಕರ ಮೇರಿ ಮಾತೆಯ ಅಲಮಾರು ಮಾತ್ರ ತೆಂಕಣ ಮೂಲೆಯಲ್ಲಿ ಒಂದು ಹನಿ ಬೀಳದೆ ನಿಂತಿತ್ತು. ಗೋಡೆಯ ಹೊಟ್ಟೆಯೊಳಗೆ ಕೈಯಿಟ್ಟು ನೋಡಿದೆ. ಕಲ್ಲುಗಳ ನಡುವಿನ ಕೆಸರು ಅಂಬಲಿಯ ಹಾಗಾಗಿತ್ತು. ಹೊರಗಿನ ಸಿಮೆಂಟು ಮಾತ್ರ ಹಲಗೆ ಹಲಗೆಯಾಗಿ ಗಟ್ಟಿಯಾಗಿಯೇ ಬಿದ್ದಿತ್ತು.

ಕಲ್ಲು, ಕೆಸರಿನ ಗೋಡೆ ಉಸಿರಾಡಬೇಕು, ಸುಣ್ಣದ ಗಾರೆಯಾದರೆ ಒಳಗಿನ ತೇವ ಆರಿ ಹೋಗುತ್ತದೆ, ಸಿಮೆಂಟು ಬಳಿದರೆ ಬಿರುಕಲ್ಲಿ ಹೊಕ್ಕ ನೀರಿಗೆ ಹೊರಗೆ ಬರಲು ದಾರಿ ಇರುವುದಿಲ್ಲ. ಇದನ್ನು ನನಗೆ ಯಾರು ಹೇಳಿದ್ದರು, ಎಲ್ಲಿ, ಯಾರ ಮುಂದೆ ಹೇಳಿದ್ದರು, ನಾನು ಏನಂದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು.

ನಾನು ಬರೆಯಬೇಕೆಂದಿರುವುದು ಹೆಂಚಿನ ದಿನದ ವಿಷಯ. ನಿನಗೆ ನೆನಪಿದೆಯೋ ಇಲ್ಲವೋ, ಆಗ ನಿನಗೆ ಒಂಬತ್ತು ವರ್ಷ. ಕೋತಿಗಳು ಮಾಡಿನ ಮೇಲೆ ಕುಣಿದು ಏಳೆಂಟು ಹೆಂಚು ಒಡೆದಿದ್ದವು. ದೊಡ್ಡವರು ಹತ್ತಿದರೆ ಗೆದ್ದಲು ತಿಂದ ರೀಪು ತಡೆಯುವುದಿಲ್ಲ ಅಂತ ನಿನ್ನನ್ನು ಹತ್ತಿಸಿದೆ. ಸಣ್ಣ ಮಗು, ಹಗುರ, ಅದೂ ಅಲ್ಲದೆ ನೀನೇ ಕುಣಿದುಕೊಂಡು ಬಂದೆ. ನಾನು ಏಣಿಯ ಮೇಲೆ ನಿಂತು ಹೆಂಚು ಕೊಡುವುದು, ನೀನು ಕೂಡಿಸುವುದು.

ಆ ಮಾಡಿನ ಹಳೆಯ ಹೆಂಚುಗಳ ಹೊಟ್ಟೆಯ ಮೇಲೆ ಬಾಸೆಲ್ ಮಿಶನ್ನಿನ ಮುದ್ರೆ ಇದೆಯಲ್ಲ, ಅವು ನಮ್ಮಜ್ಜನ ಕಾಲದಲ್ಲಿ ಮಂಗಳೂರಿನಿಂದ ಬಂದವು. ಆ ಮಿಶನ್ನಿನವರು ಅಲ್ಲಿಯ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಮೊದಲನೇ ಮಹಾಯುದ್ಧದಲ್ಲಿ ಸರ್ಕಾರ ಅವರ ಆಸ್ತಿಯನ್ನು ವಶಕ್ಕೆ ತೆಗೆದುಕೊಂಡಿತು, ಆಮೇಲೆ ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋಯಿತು. ಹಾಗಾಗಿ ನಮ್ಮ ಮಾಡಿನಲ್ಲಿ ಎರಡು ಮುದ್ರೆ. ಬಾಸೆಲ್ ಅಂತಿದ್ದರೆ ಮೂಲದ್ದು, ಕಾಮನ್‌ವೆಲ್ತ್ ಅಂತಿದ್ದರೆ ರಿಪೇರಿಯದ್ದು. ಊರಿಗೆ ಬಂದವರಿಗೆಲ್ಲ ಇದನ್ನು ಹೇಳಿ ಹೇಳಿ ನನಗೆ ಅದೊಂದು ಹುಚ್ಚಾಗಿತ್ತು. ನಿಮ್ಮಮ್ಮ ಈಗಲೂ ಆಡಿಕೊಳ್ಳುತ್ತಾಳೆ.

ಆವತ್ತು ರೀಪು ಲಟ್ ಅಂತು. ನಿನ್ನ ಕಾಲು ಜಾರಿತು. ಪಕ್ಕದಲ್ಲಿ ಒಟ್ಟಿದ್ದ ಬಾಸೆಲ್ ಹೆಂಚೂ ಜಾರಿತು. ನಾನು "ಹೆಂಚು!" ಅಂತ ಕೂಗಿದೆ ಪುಟ್ಟಿ. ನಿನ್ನ ಹೆಸರು ಕೂಗಲಿಲ್ಲ. ಹಿಡಿದದ್ದೂ ಹೆಂಚನ್ನೇ. ನನ್ನ ಎರಡು ಕೈಯಲ್ಲೂ ಹೆಂಚು, ನೀನು ತೊಲೆ ತಬ್ಬಿಕೊಂಡು ಜೋತಾಡುತ್ತಿದ್ದೆ. ಕೆಳಗಿದ್ದ ಮೇಲ್ಮನೆ ಚಿಕ್ಕಮ್ಮ ಓಡಿಬಂದು ಬೆಂಚು ಹತ್ತಿ ನಿನ್ನ ಕಾಲು ಹಿಡಿದಳು. ಮೊಣಕಾಲು ತರಚಿತ್ತು, ಅಷ್ಟೇ. ಸಂಜೆ ನೀನು ಮರೆತು ಆಡುತ್ತಿದ್ದೆ. ನಾನು ಆ ಹೆಂಚನ್ನು ಜಾಗಕ್ಕೆ ಕೂಡಿಸಿ, ಮನೆಗೆ ಬಂದು, ಊಟ ಮಾಡಿದೆ.

ಯಾಕೆ ಕೂಗಿದೆ ಅಂತ ಎಷ್ಟೋ ರಾತ್ರಿ ಯೋಚಿಸಿದ್ದೇನೆ. ನಾಲಿಗೆಗೆ ಬಂದದ್ದು ಬಂತು ಅನ್ನಬಹುದು. ಆದರೆ ಕೈ? ನಮ್ಮಪ್ಪ ಸಾಯುವಾಗ ಚರ್ಚಿನ ಬೀಗದಕೈ ಕೊಟ್ಟು "ನೋಡ್ಕೊ" ಅಂದದ್ದು ನನ್ನ ಕೈಗೆ ಅಷ್ಟು ಇಳಿದುಬಿಟ್ಟಿತ್ತೇನೋ. ಇದು ಸಬೂಬು, ನನಗೆ ಗೊತ್ತು.

ನಮ್ಮಪ್ಪನ ಮಾತು ಬಂತು. ಅವರು ವೆಸ್ಲಿ ಮಿಶನ್ನಿನವರಾಗಿ ಮಲಗಿ ದಕ್ಷಿಣ ಇಂಡಿಯಾ ಸಭೆಯವರಾಗಿ ಎದ್ದವರು. 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಿನಲ್ಲಿ ಹಲವು ಪ್ರೊಟೆಸ್ಟೆಂಟ್ ಸಭೆಗಳು ಒಂದಾದವು. ನಮ್ಮೂರಿನಲ್ಲಿ ಬೋರ್ಡು ಕೂಡ ಬದಲಾಗಲಿಲ್ಲ, ಯಾಕೆಂದರೆ ಬೋರ್ಡೇ ಇರಲಿಲ್ಲ. ಚಿಕ್ಕಜಾಜೂರಿನಿಂದ ತಂದ ರೈಲುಕಂಬಿಯ ತುಂಡನ್ನು ಹುಣಸೆಮರಕ್ಕೆ ಕಟ್ಟಿದ್ದರು, ಅದೇ ಗಂಟೆ. ಕತೋಲಿಕರ ಐದು ಮನೆಯವರು ಮಾತೆಯನ್ನು ಜಗಲಿಯ ಮೇಲಿಟ್ಟು ಪೂಜೆ ಮಾಡಿಸುತ್ತಿದ್ದರು. 1988ರಲ್ಲಿ ಅವರ ಬಿಷಪ್ಪರ ಶಿವಮೊಗ್ಗ ಧರ್ಮಕ್ಷೇತ್ರ ಹೊಸದಾಗಿ ಆಯಿತಲ್ಲ, ಅದರ ಮಾರನೇ ಮಳೆಗಾಲ ಅವರ ಜಗಲಿ ಸೋರಿತು. ಅಪ್ಪ ಹೋಗಿ, "ನಮ್ಮ ಚರ್ಚು ವಾರದಲ್ಲಿ ಆರು ದಿನ ಖಾಲಿ ಇರ್ತದೆ, ಬನ್ರಪ್ಪ" ಅಂದರಂತೆ. ನಮ್ಮವರಲ್ಲಿ ಎಷ್ಟು ಗಲಾಟೆ! ಅವರ ಫಾದರ್ರೂ ಹಿಂದೆಗೆದರು. ಕೊನೆಗೆ ಅವರೇ ತಮ್ಮ ಕಾನೂನು ಪುಸ್ತಕ ತೆಗೆದು ತೋರಿಸಿದರು. 1983ರ ಪುಸ್ತಕ, 933ನೇ ನಿಯಮ. ತಕ್ಕ ಕಾರಣವಿದ್ದು ಮೇಲಿನವರ ಅಪ್ಪಣೆ ಸಿಕ್ಕರೆ, ಬೇರೆ ಸಭೆಯವರ ಆಲಯದಲ್ಲಿ ಗುರುಗಳು ಪೂಜೆ ಅರ್ಪಿಸಬಹುದು. ಅಪ್ಪಣೆ ಬಂತು. ಬಾಗಿಲಿರುವ ಅಲಮಾರು ಮಾಡಿಸಿ ಮಾತೆಯನ್ನು ಅದರಲ್ಲಿಟ್ಟರು. ಅವರ ದಿನ ಬಾಗಿಲು ತೆರೆ, ನಮ್ಮ ದಿನ ಮುಚ್ಚು. ಕರೆಂಟು ಬಿಲ್ಲು ಅರ್ಧರ್ಧ. ಕ್ರಿಸ್ಮಸ್ಸಿಗೆ ಮುಂಚೆ ಸುಣ್ಣ ಬಳಿಯುವುದು ಮಾತ್ರ ಎಲ್ಲರೂ ಸೇರಿ.

ನನ್ನ ಸಣ್ಣಂದಿನ ಸುಣ್ಣ ಅಂದರೆ ವಾರಗಟ್ಟಲೆ ಗುಂಡಿಯಲ್ಲಿ ನೆನೆಸಿದ್ದು. ಗಾರೆಗೆ ಅಳಲೆಕಾಯಿ ನೆನೆಸಿದ ನೀರು, ಬೆಲ್ಲ. ಮಕ್ಕಳಾಗಿ ನಾವು ಬೆಲ್ಲ ಕದ್ದು ತಿನ್ನುತ್ತಿದ್ದೆವು. ಅಷ್ಟೆಲ್ಲ ನೋಡಿದ್ದ ನಾನೇ ಸಿಮೆಂಟು ತರಿಸಿದೆ. ಬೇಗ ಆಗುತ್ತದೆ, ನೀಟಾಗಿ ಕಾಣುತ್ತದೆ ಅಂತ.

ಮೊನ್ನೆ ನಡಾವಳಿ ಪುಸ್ತಕ ತೆಗೆದೆ. ಕಾರ್ಯದರ್ಶಿ ನಾನೇ ಅಲ್ಲವೇ. ಆ ಮೀಟಿಂಗಿನ ಪುಟದಲ್ಲಿ "ಸರ್ವಾನುಮತದಿಂದ ಸಿಮೆಂಟು ಗಿಲಾವು" ಅಂತ ನನ್ನದೇ ಅಕ್ಷರ. ಸರ್ವಾನುಮತ! ನಿನ್ನ ಮಾತು ಒಂದು ಸಾಲೂ ಇಲ್ಲ. ಪಕ್ಕದ ಖಾಲಿ ಜಾಗದಲ್ಲಿ ಈಗ ಬರೆದೆ: "ಡಿಪ್ಲೊಮಾ ಎರಡನೇ ವರ್ಷ ಓದುತ್ತಿದ್ದ ನನ್ನ ಮಗಳು ಇದು ಬೇಡ ಅಂದಿದ್ದಳು. ದಾಖಲಿಸಿರಲಿಲ್ಲ." ರುಜು ಹಾಕಿ ತಾರೀಕು ಹಾಕಿದ್ದೇನೆ. ಮುಂದಿನ ಮೀಟಿಂಗಿನಲ್ಲಿ ಓದಬೇಕು. ಓದುತ್ತೇನೆ.

ಹುಡುಗರು ಎಲ್ಲ ಕೆಡವಿ ಶೀಟು ಹಾಕೋಣ ಅಂತಿದ್ದಾರೆ. ಅವರ ಕಡೆಯ ಹುಡುಗರೂ, ನಮ್ಮ ಕಡೆಯವರೂ, ಈ ಒಂದು ವಿಷಯಕ್ಕೆ ಎಂದೂ ಇಲ್ಲದ ಒಗ್ಗಟ್ಟು. ನನ್ನ ಮಗಳು ಎಂಜಿನಿಯರು, ದಾವಣಗೆರೆಯಲ್ಲಿ ಓದಿದವಳು, ಬಂದು ನೋಡಿದ ಮೇಲೆ ಮಾತಾಡೋಣ ಅಂತ ತಡೆದಿದ್ದೇನೆ. ನಿನ್ನನ್ನು ಕೇಳದೆ ಹೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಹೇಳುವಾಗ ನನ್ನ ದನಿ ಸ್ವಲ್ಪ ದೊಡ್ಡದೇ ಇತ್ತು.

ಉಪದೇಶ ಮಾಡುವುದಿಲ್ಲ ಅಂದುಕೊಂಡೇ ಕೂತವನು. ಆದರೂ, ಸೈಟಿನಲ್ಲಿ ಹೆಲ್ಮೆಟ್ಟು ಹಾಕಿಕೋ. ಸಾರುವೆಯ ಮೇಲೆ ನೀನೇ ಹತ್ತಬೇಡ, ಹತ್ತುವವರು ಇರುತ್ತಾರೆ. ಹತ್ತುವವರಿಗೂ ಹೆಲ್ಮೆಟ್ಟು ಕೊಡಿಸು, ಅವರಿಗೂ ಅಪ್ಪಂದಿರಿರುತ್ತಾರೆ. ಸ್ನೇಹಿತೆಗೆ ಕೊಟ್ಟ ದುಡ್ಡು ವಾಪಸು ಕೇಳು, ಅದರಲ್ಲಿ ನಾಚಿಕೆ ಏನಿದೆ? ಮಳೆಗಾಲಕ್ಕೆ ಮುಂಚೆ ತಾರಸಿಯ ಪೈಪಿನ ಬಾಯಿ ಎಲೆ ಕಟ್ಟಿದೆಯೋ ನೋಡಿಸು, ಬಾಡಿಗೆ ಮನೆಯಾದರೇನು. ಯಾರಾದರೂ ಮೀಟಿಂಗಿನಲ್ಲಿ ಸುಮ್ಮನಿರಿಸಿದರೆ ಸುಮ್ಮನಿರಬೇಡ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ನೀನು ಬರುವುದಾದರೆ ಒಂದು ಮಾತು. ಮಾಡಿನ ಮೇಲೆ ಹತ್ತುವುದು ಬೇಡ. ಕೆಳಗಿಂದಲೇ ನೋಡು, ಫೋಟೋ ನಾನು ತೆಗೆಸುತ್ತೇನೆ. ನಗಬೇಡ. ನಿನಗೀಗ ಮೂವತ್ತು ಅಂತ ನನಗೆ ಗೊತ್ತು.

ನಿನ್ನ ರೂಮಿನಲ್ಲಿ ಸದ್ಯ ಮಾತೆ ಇದ್ದಾರೆ. ಅಲಮಾರು ಬಾಗಿಲಲ್ಲಿ ಹಿಡಿಯಲಿಲ್ಲ, ಮೇಲ್ಮನೆ ಚಿಕ್ಕಮ್ಮ ಅಳುತ್ತಾ ವಿಗ್ರಹವನ್ನಷ್ಟೇ ಎತ್ತಿಕೊಂಡು ಬಂದಳು. ನಿನ್ನ ಓದುವ ಮೇಜಿನ ಮೇಲಿಟ್ಟಿದ್ದೇವೆ. ನಿಮ್ಮಮ್ಮ ಇಷ್ಟು ವರ್ಷ ಆ ಕಡೆ ಮುಖ ಮಾಡದವಳು ದಿನಾ ಬೆಳಿಗ್ಗೆ ಧೂಳು ಒರೆಸುತ್ತಾಳೆ. ಏನೂ ಕೇಳಬೇಡ. ನಿನ್ನ ಮಂಚ ನಡುಮನೆಗೆ ಹಾಕಿದ್ದೇವೆ.

ಇಂತಿ ನಿನ್ನ
ಅಪ್ಪ

ಮರೆತಿದ್ದೆ: ಮಣ್ಣೊಳಗಿಂದ ಹೆಂಚು ಆರಿಸಿ ಹುಣಸೆಮರದ ಬುಡದಲ್ಲಿ ಒಟ್ಟಿದ್ದೇನೆ. ಸರಿಯಿರುವವು 214. ಅದರಲ್ಲಿ ಬಾಸೆಲ್ 61. ಒಡೆದದ್ದನ್ನು ಎಣಿಸಲಿಲ್ಲ.