ನಾಲೆಯ ಏರಿಯನ್ನು ನಡೆಯುವವರಿಗೆ ಬಿಟ್ಟುಕೊಡಿ

ಶಿವಮೊಗ್ಗ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ತುಂಗಾ ನಾಲೆಯ ಏರಿಯನ್ನು ಊರಿನ ಜನ ನಿರ್ಭಯವಾಗಿ ನಡೆಯುವ, ಸೈಕಲ್ ತುಳಿಯುವ ದಾರಿಯನ್ನಾಗಿ ಮಾಡಿಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಗಾಜನೂರಿನಲ್ಲಿ ಹೊಳೆಯಿಂದ ಕವಲೊಡೆದ ನೀರು ಹೊಸಮನೆ, ವಿನೋಬನಗರದ ಮನೆಗಳ ಮಗ್ಗುಲಲ್ಲೇ ಹಾದು ಗದ್ದೆ ಬಯಲಿಗೆ ಹೋಗುತ್ತದೆ. ಊರಿನವರ ಬಾಯಲ್ಲಿ ಅದು ‘ಚಾನಲ್’. ಬೆಳಗಿನ ಹೊತ್ತು ಏರಿಯ ಮೇಲೆ ಈಗಲೂ ಜನ ನಡೆಯುತ್ತಾರೆ. ಕಸದ ರಾಶಿ ಬಳಸಿಕೊಂಡು, ಮುಳ್ಳು ಸರಿಸಿಕೊಂಡು, ದಾರಿ ಕಟ್ಟಾದಲ್ಲಿ ಹಿಂದಿರುಗುತ್ತಾರೆ.

ಇದು ಆಗದ ಕೆಲಸವೇನಲ್ಲ. ಅಮೆರಿಕದಲ್ಲಿ ಪೊಟೊಮ್ಯಾಕ್ ನದಿಯ ಪಕ್ಕದಲ್ಲೇ ಸಾಗುವ ಚೆಸಪೀಕ್ ಅಂಡ್ ಓಹಾಯೋ ಕಾಲುವೆಯನ್ನು 1828ರಲ್ಲಿ ತೋಡಲು ಶುರುಮಾಡಿ 1850ರಲ್ಲಿ ಮುಗಿಸಿದರು. ಹೇಸರಗತ್ತೆಗಳು ದಂಡೆಯ ಮೇಲೆ ನಡೆಯುತ್ತಾ ಕಲ್ಲಿದ್ದಲಿನ ದೋಣಿಗಳನ್ನು ಎಳೆಯುತ್ತಿದ್ದವು. 1924ರ ಪ್ರವಾಹದ ನಂತರ ದೋಣಿ ಸಂಚಾರ ನಿಂತಿತು. ಮುಂದೆ ಆ ದಂಡೆಯ ಮೇಲೆ ಕಾರುಗಳ ರಸ್ತೆ ಮಾಡುವ ಯೋಜನೆ ಬಂದಾಗ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆ ಅದನ್ನು ಬೆಂಬಲಿಸಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಾಸ್ ಅದೇ ಪತ್ರಿಕೆಗೆ ಪತ್ರ ಬರೆದು, ನನ್ನೊಡನೆ ಪೂರ್ತಿ ದಾರಿ ನಡೆಯಿರಿ ಎಂದು ಸಂಪಾದಕರನ್ನು ಕರೆದರು. ಅವರು ಬಂದರು. 1954ರ ಮಾರ್ಚಿನಲ್ಲಿ ಹೊರಟ ಗುಂಪಿನಲ್ಲಿ ಸುಮಾರು 297 ಕಿಲೋಮೀಟರನ್ನೂ ನಡೆದು ಮುಗಿಸಿದವರು ಒಂಬತ್ತೇ ಮಂದಿ. ಪತ್ರಿಕೆ ತನ್ನ ನಿಲುವು ಬದಲಿಸಿತು, ಕಾರುಗಳ ರಸ್ತೆ ಬರಲೇ ಇಲ್ಲ. 1971ರಲ್ಲಿ ಕಾಲುವೆ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು.

ಅದನ್ನೇ ಇಲ್ಲಿ ನಕಲು ಮಾಡಿ ಎನ್ನುತ್ತಿಲ್ಲ. ಅಲ್ಲಿ ದೋಣಿಗಳ ಕಾಲ ಮುಗಿದಿತ್ತು. ನಮ್ಮ ನಾಲೆ ಇಂದಿಗೂ ಭತ್ತದ ಗದ್ದೆಗೆ, ಅಡಿಕೆ ತೋಟಕ್ಕೆ ನೀರುಣಿಸುತ್ತಿದೆ. ಮೊದಲ ಹಕ್ಕು ರೈತರದು. ಅದರಲ್ಲಿ ಚೌಕಾಸಿ ಬೇಡ. ಹೂಳೆತ್ತುವ ಯಂತ್ರ ಏರಿಯ ಮೇಲೆ ಬರಬೇಕು, ತೂಬಿನ ಬಳಿ ನೀರುಗಂಟಿ ನಿಲ್ಲಲು ಜಾಗ ಬೇಕು, ದನ ದಾಟಬೇಕು, ಗೊಬ್ಬರದ ಗಾಡಿ ಗದ್ದೆಗೆ ಇಳಿಯಬೇಕು. ಈ ಕೆಲಸಗಳ ನಡುವೆಯೇ ನಡೆಯುವವರಿಗೂ ಜಾಗವಿದೆ. ಎರಡಕ್ಕೂ ಜಗಳವಿಲ್ಲ.

ಆದ್ದರಿಂದ ದಯವಿಟ್ಟು ಕಾಂಕ್ರೀಟ್ ಸುರಿಸಬೇಡಿ, ಬಣ್ಣದ ದೀಪಗಳೂ ಬೇಡ. ಜಂಬಿಟ್ಟಿಗೆ ಮಣ್ಣನ್ನು ಗಟ್ಟಿಯಾಗಿ ತುಳಿಸಿ, ಮಳೆನೀರು ನಿಲ್ಲದಂತೆ ಓರೆ ಕೊಟ್ಟರೆ ಸಾಕು. ಹೊಂಗೆ, ನೇರಳೆ, ಮತ್ತಿ ಗಿಡಗಳನ್ನು ಏರಿಯ ಮೈಗಲ್ಲ, ಕೆಳಗಿನ ಅಂಚಿಗೆ ನೆಡಿಸಿ. ಬೇರು ಬಿಟ್ಟು ಏರಿ ಸೀಳಬಾರದು. ಮನೆಗಳಿರುವಲ್ಲಿ ಕಟಾಂಜನ ಬೇಕೇ ಬೇಕು. ನಾಲೆಗೆ ನೀರು ಬಿಟ್ಟಾಗ ಸೆಳವು ಜೋರಾಗಿರುತ್ತದೆ, ಇಳಿಜಾರು ಜಾರುತ್ತದೆ, ಮಕ್ಕಳಿಗೆ ಅದು ಗೊತ್ತಾಗುವುದಿಲ್ಲ. ಬಿದ್ದವರು ಹಿಡಿದು ಹತ್ತಲು ಅಲ್ಲಲ್ಲಿ ಮೆಟ್ಟಿಲು, ಸರಪಳಿ ಇರಲಿ. ಕಸ ಸುರಿಯುವವರಿಗೆ ದಂಡ ಹಾಕಿಸಿ, ಯಾವ ಮುಲಾಜೂ ಬೇಡ.

ಏರಿ ನೀರಾವರಿ ನಿಗಮದ್ದು, ಮಗ್ಗುಲಿನ ಬೀದಿ ಮಹಾನಗರ ಪಾಲಿಕೆಯದು. ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸುವ ಅಧಿಕಾರ ನಿಮಗಿದೆ. ನಾಗರಿಕರಾದ ನಾವು ಎಷ್ಟು ಅರ್ಜಿ ಬರೆದರೂ ಆ ಕೆಲಸ ನಮ್ಮಿಂದಾಗದು.

ಶಿವಮೊಗ್ಗದಿಂದ ಗಾಜನೂರಿಗೆ ರಸ್ತೆಯಲ್ಲಿ ಸುಮಾರು 12 ಕಿಲೋಮೀಟರು. ಅಲ್ಲಿಂದ ಸಕ್ರೆಬೈಲಿನ ಆನೆ ಬಿಡಾರ ಹತ್ತಿರವೇ. ತೀರ್ಥಹಳ್ಳಿ ಹೆದ್ದಾರಿಯ ಲಾರಿಗಳ ನಡುವೆ ಮಕ್ಕಳನ್ನು ಸೈಕಲ್ ಹತ್ತಿಸಿ ಕಳಿಸಲು ಯಾವ ತಾಯಿಗೆ ಧೈರ್ಯ ಬಂದೀತು? ನಾಲೆಯ ಏರಿ ಆ ದಾರಿಯಾಗಬಲ್ಲದು.

ಮಳೆ ಕಡಿಮೆಯಾದ ಮೇಲೆ ಒಂದು ಬೆಳಿಗ್ಗೆ ಬನ್ನಿ. ನಿಗಮದ ಎಂಜಿನಿಯರುಗಳನ್ನೂ ಪಾಲಿಕೆಯ ಆಯುಕ್ತರನ್ನೂ ಕರೆತನ್ನಿ, ಕಾರನ್ನು ಹೊಸಮನೆಯಲ್ಲೇ ಬಿಡಿ. ನಾಲೆಯ ಕೊನೆಭಾಗದ ರೈತರನ್ನು ನಾವು ಕರೆಯುತ್ತೇವೆ; ಅವರ ಮಾತು ಕೇಳಿದ ಮೇಲೆಯೇ ನಕ್ಷೆ ಬರೆಸಿ.

ಇಂತಿ ವಿಶ್ವಾಸದೊಂದಿಗೆ,
ಶಿವಮೊಗ್ಗದ ಒಬ್ಬ ನಿವಾಸಿ